ರಾಯ್ಸ್ ಟ್ಯಾಕೆಟ್ ಹೆಸರಿನ ಒಂಬತ್ತು ಗಿಟಾರುಗಳು

ನಮ್ಮ ಅಂಗಡಿಯ ಗೋಡೆಯ ಮೇಲೆ ಒಂಬತ್ತು ಗಿಟಾರುಗಳು ಹದಿನಾಲ್ಕು ತಿಂಗಳಿಂದ ತೂಗುತ್ತಿದ್ದವು. ಒಂಬತ್ತೂ ಒಂದೇ ಬಗೆಯವು. ಹಾಲ್ವರ್ನ್ ಕಂಪನಿಯವು, ಜೇನು ಬಣ್ಣದವು. ಒಂಬತ್ತರ ತಲೆಯ ಮೇಲೂ, ತಂತಿ ಬಿಗಿಯುವ ಬಿರಡೆಗಳ ನಡುವೆ, ಚಿನ್ನದ ಬಣ್ಣದಲ್ಲಿ ಒಂದು ಸಹಿ ಇತ್ತು: ರಾಯ್ಸ್ ಟ್ಯಾಕೆಟ್.

ಗಿರಾಕಿಗಳು ಅವನ್ನು ಇಳಿಸಿಕೊಳ್ಳುತ್ತಿರಲಿಲ್ಲ ಎಂದಲ್ಲ. ಇಳಿಸಿಕೊಳ್ಳುತ್ತಿದ್ದರು. ರಿಪೇರಿ ಕೋಣೆಯ ಗಾಜಿನ ಹಿಂದಿನಿಂದ ನಾನು ದಿನವೂ ನೋಡುತ್ತಿದ್ದೆ. ಎಡಗೈ ಗಿಟಾರಿನ ಕುತ್ತಿಗೆಯ ಉದ್ದನೆಯ ಮರದ ಮೇಲೆ ಒಂದು ಸಲ ಮೇಲಿನಿಂದ ಕೆಳಗೆ ಜಾರುತ್ತಿದ್ದಂತೆ ಅವರ ಮುಖದಲ್ಲಿ ಏನೋ ಸಡಿಲವಾಗುತ್ತಿತ್ತು. ಕಾಲು ಗಂಟೆ, ಅರ್ಧ ಗಂಟೆ ನುಡಿಸುತ್ತಿದ್ದರು. ಆಮೇಲೆ ತೊಡೆಯ ಮೇಲೆ ಒರಗಿಸಿಕೊಂಡು ತಲೆಯ ಕಡೆ ನೋಡುತ್ತಿದ್ದರು. ಓದುತ್ತಿದ್ದರು. ಇದು ಯಾರೆಂದು ಮಾರಾಟಕ್ಕೆ ನಿಲ್ಲುವ ಬ್ರೆಂಟ್‌ನನ್ನು ಕೇಳುತ್ತಿದ್ದರು. ಬ್ರೆಂಟ್ ಹೇಳುತ್ತಿದ್ದ. ಗಿಟಾರು ಗೋಡೆಗೆ ಹೋಗುತ್ತಿತ್ತು.

ಕೊಳಾಯಿ ಕೆಲಸದವನೊಬ್ಬ, ಇನ್ನೊಬ್ಬನ ಹೆಸರು ಹೊಲಿದ ಅಂಗಿಯನ್ನು ನಾನು ಯಾಕೆ ತೊಡಲಿ ಎಂದ. ಚರ್ಚಿನಲ್ಲಿ ನುಡಿಸುವ ಮೇಷ್ಟ್ರೊಬ್ಬರು, ಇದನ್ನು ಹಿಡಿದು ನಿಂತರೆ ಜನ ಈ ಮನುಷ್ಯನ ಬಗ್ಗೆ ಕೇಳುತ್ತಾರೆಯೇ ಹೊರತು ನನ್ನ ಬಗ್ಗೆ ಕೇಳುವುದಿಲ್ಲ ಎಂದರು. ತುಂಬ ದೊಡ್ಡ ಹೆಸರಾದರೆ ಕೆಲವರು ಕೊಳ್ಳುತ್ತಾರೆ, ಮನೆಯ ಗೋಡೆಗೆ ತೂಗುಹಾಕಲು. ರಾಯ್ಸ್ ಟ್ಯಾಕೆಟ್ ಅಷ್ಟು ದೊಡ್ಡ ಹೆಸರಲ್ಲ. ಸಣ್ಣ ಹೆಸರೂ ಅಲ್ಲ. ಅದೇ ಕಷ್ಟ.

ನಾನು ಹದಿನಾರಕ್ಕೆ ಶಾಲೆ ಬಿಟ್ಟು ಈ ಅಂಗಡಿಗೆ ಕಸ ಗುಡಿಸಲು ಸೇರಿದವಳು. ಈಗ ತಂತಿ ಬದಲಿಸುತ್ತೇನೆ, ಒಡೆದ ಮರ ಅಂಟಿಸುತ್ತೇನೆ, ಪಾಲಿಶ್ ಮಾಡುತ್ತೇನೆ. ಜನರ ಜೊತೆ ಮಾತು ಬಾರದವಳೆಂದು ಯಜಮಾನರಾದ ಗೆರಿಟ್ ವ್ಯಾಂಡರ್‌ಮೋಲನ್ ನನಗೆ ಗಾಜಿನ ಹಿಂದಿನ ಕೋಣೆ ಕೊಟ್ಟರು. ನನ್ನ ಹೆಸರು ಕೋರಿ. ಬ್ರೆಂಟ್ ಮಾತ್ರ ನನ್ನನ್ನು ಮೂಕಿ ಎನ್ನುತ್ತಿದ್ದ.

ರಾಯ್ಸ್ ಟ್ಯಾಕೆಟ್ ನಮ್ಮ ಕಲಮಜೂ ಊರಿನವರೇ. ಪ್ರತಿ ಗುರುವಾರ ಬೆಳಿಗ್ಗೆ ಅಂಗಡಿಗೆ ಬಂದು ಹೀಟರ್ ಪಕ್ಕದ ಸ್ಟೂಲಿನ ಮೇಲೆ ಕುಳಿತು ನಮ್ಮ ಕೆಟ್ಟ ಕಾಫಿ ಕುಡಿಯುತ್ತಿದ್ದರು. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ಅವರದೊಂದು ಹಾಡು ಬಂದಿತ್ತು. ಆ ಬೇಸಿಗೆಯಲ್ಲಿ ಯಾವ ಕಾರಿನ ಕಿಟಕಿಯಿಂದಲೂ ಅದೇ ಹಾಡಂತೆ. ಆಮೇಲೆ ಮೂವತ್ತು ವರ್ಷ ಬೇರೆಯವರ ಹಾಡುಗಳಿಗೆ ಗಿಟಾರು ನುಡಿಸಿದರು. ಆಮೇಲೆ ಎಡಗೈಯ ಕೊನೆಯ ಎರಡು ಬೆರಳುಗಳು ಅಂಗೈಯ ಕಡೆಗೆ ಮಡಿಚಿಕೊಳ್ಳಲು ತೊಡಗಿದವು. ಎರಡು ಸಲ ಕುಯ್ಯಿಸಿದರು. ಎರಡು ಸಲವೂ ಬೆರಳು ಮತ್ತೆ ಮಡಿಚಿಕೊಂಡಿತು.

ಬೆರಳು ಹೋಗುತ್ತಿದ್ದ ಆ ದಿನಗಳಲ್ಲಿ ಅವರು ಅಡುಗೆಮನೆಯ ಮೇಜಿನ ಮೇಲೆ ಅರ ಹಿಡಿದು ಕುಳಿತು ಒಂದು ಗಿಟಾರಿನ ಕುತ್ತಿಗೆಯನ್ನು ತಮ್ಮ ನೋಯುವ ಕೈಗೆ ಹೊಂದುವಂತೆ ತೀಡಿದರು. ಒಂದು ಅಂಚು ತೆಳು, ಇನ್ನೊಂದು ಅಂಚು ತುಸು ದಪ್ಪ. ನೋಯುವ ಕೈಗೆಂದು ಮಾಡಿದ್ದು ನೋವಿಲ್ಲದ ಕೈಗಳಿಗೂ ಹಿತವಾಯಿತು. ಹಾಲ್ವರ್ನ್ ಕಂಪನಿಯವರು ಬಂದು ಅಳತೆ ತೆಗೆದುಕೊಂಡರು, ಎಷ್ಟು ಬೇಕೆಂದು ಕೇಳಿದರು. ರಾಯ್ಸ್ ದುಡ್ಡು ಬೇಡ ಎಂದರು. ಕುತ್ತಿಗೆಯ ಆಕಾರ ಪೂರ್ತಿ ನಿಮ್ಮದು, ನನ್ನ ಹೆಸರು ಹಾಕಿ, ಅಷ್ಟೇ ಎಂದು ಬರೆದುಕೊಟ್ಟರು.

ಯಾಕೆ ಹಾಗೆ ಮಾಡಿದಿರೆಂದು ಗೆರಿಟ್ ಒಮ್ಮೆ ಕೇಳಿದಾಗ ನಾನು ಅಲ್ಲೇ ಇದ್ದೆ.

"ನನ್ನ ರೆಕಾರ್ಡು ಯಾವ್ದೂ ಈಗ ಸಿಗಲ್ಲ," ಎಂದರು ರಾಯ್ಸ್. "ಬೇರೆಯವ್ರ ರೆಕಾರ್ಡಲ್ಲಿ ನುಡಿಸಿದ್ದಕ್ಕೆ ಹೆಸರು ಹಾಕಿಲ್ಲ. ನನ್ನ ಹೆಸರು ಇರೋದು ಎರಡೇ ಕಡೆ. ಒಂದು ಗೋಡೆ ಮೇಲಿರೋ ಇವು. ಇನ್ನೊಂದು ಹೆಂಡ್ತಿ ಸಮಾಧಿ ಕಲ್ಲು. ಅವಳ ಪಕ್ಕ ನಂದೂ ಕೆತ್ತಿಬಿಟ್ಟಿದಾರೆ, ಸಾಯೋ ವರ್ಷ ಒಂದು ಬಾಕಿ. ಆ ಕಲ್ಲನ್ನ ಯಾರೂ ತೊಡೆ ಮೇಲೆ ಇಟ್ಕೊಳ್ಳಲ್ಲ ಗೆರಿಟ್."

ಆಗಸ್ಟ್ ಕೊನೆಯಲ್ಲಿ ಕಂಪನಿಯಿಂದ ಮೆರಿಡಿತ್ ಕೇನ್ ಎನ್ನುವವರು ಫೋನ್ ಮಾಡಿದರು. ಗೆರಿಟ್ ಕೇಳಿಸಿಕೊಂಡು, ಗುರುವಾರ ರಾಯ್ಸ್‌ಗೆ ಹೇಳಿದರು. ದೇಶದಲ್ಲೆಲ್ಲೂ ಈ ಗಿಟಾರು ಹೋಗುತ್ತಿಲ್ಲ. ಗೋದಾಮಿನಲ್ಲಿ ಇನ್ನೂ ಇನ್ನೂರು ಬಿದ್ದಿವೆ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಅಂಗಡಿಗಳ ಮಾರಾಟ ನೋಡಿ, ರಾಯ್ಸ್ ಹೆಸರಿನ ಮಾದರಿಯನ್ನು ಉಳಿಸುವುದೋ ನಿಲ್ಲಿಸುವುದೋ ತೀರ್ಮಾನಿಸುತ್ತಾರೆ. ಮೊದಲು ನೋಡುವುದು ನಮ್ಮ ಅಂಗಡಿಯನ್ನೇ. ಅವರ ಊರಿನಲ್ಲೇ ಹೋಗದಿದ್ದರೆ ಇನ್ನೆಲ್ಲಿ ಹೋದೀತು ಎಂದರಂತೆ.

ರಾಯ್ಸ್ ಗೋಡೆಯ ಕಡೆ ತಿರುಗಿ ನೋಡಿದರು. ಒಂಬತ್ತನ್ನೂ ನೋಡಿದರು. ಆ ದಿನ ಕಾಫಿ ಪೂರ್ತಿ ಕುಡಿಯಲಿಲ್ಲ.

ಸೆಪ್ಟೆಂಬರ್ ಮೊದಲ ಶನಿವಾರ ಗೆರಿಟ್ ಒಂದು ಕಾರ್ಯಕ್ರಮ ಇಟ್ಟರು. ರಾಯ್ಸ್ ಟ್ಯಾಕೆಟ್ ಖುದ್ದಾಗಿ ಬರುತ್ತಾರೆ, ಗಿಟಾರು ಕೊಂಡವರಿಗೆ ಹಿಂಬದಿಯಲ್ಲಿ ಕೈಯಾರೆ ಸಹಿ ಹಾಕಿಕೊಡುತ್ತಾರೆ. ಗೆರಿಟ್ ಹೆಂಡತಿ ಬಾದಾಮಿ ತುಂಬಿದ ರೊಟ್ಟಿ ಮಾಡಿ ತಂದರು. ಕಿಟಕಿಗೆ ರಾಯ್ಸ್ ಅವರ ಮೂವತ್ತು ವರ್ಷ ಹಿಂದಿನ ಫೋಟೋ ಅಂಟಿಸಿದರು. ಭುಜದವರೆಗೆ ಕೂದಲಿದ್ದ ಫೋಟೋ. ರಾಯ್ಸ್ ನೀಲಿ ಕೋಟು ತೊಟ್ಟು, ಇದ್ದಷ್ಟು ಕೂದಲು ಬಾಚಿ, ಹತ್ತಕ್ಕೇ ಬಂದು ಮೇಜಿನ ಹಿಂದೆ ಕುಳಿತರು.

ಹನ್ನೊಂದು ಜನ ಬಂದರು. ಆರು ಜನ ರೊಟ್ಟಿ ತಿಂದು ಹೋದರು. ಒಬ್ಬ ಹೆಂಗಸು ಕಕ್ಕಸು ಎಲ್ಲಿದೆ ಎಂದು ರಾಯ್ಸ್‌ರನ್ನು ಕೇಳಿದಳು. ಅವರು ತೋರಿಸಿದರು.

ಹನ್ನೆರಡರ ಹೊತ್ತಿಗೆ ಪಕ್ಕದ ಊರಾದ ಬ್ಯಾಟಲ್ ಕ್ರೀಕ್‌ನಿಂದ ಒಬ್ಬ ಹಲ್ಲಿನ ಡಾಕ್ಟರು ಬಂದರು. ಐವತ್ತು ದಾಟಿದವರು, ಚೆನ್ನಾಗಿ ನುಡಿಸುವವರು. ಗೋಡೆಯಿಂದ ಒಂದನ್ನು ಇಳಿಸಿಕೊಂಡು ಮುಕ್ಕಾಲು ಗಂಟೆ ನುಡಿಸಿದರು. ರಾಯ್ಸ್ ಕದಲದೆ ಕೇಳಿದರು. ಡಾಕ್ಟರು ಕೊನೆಗೆ ಗಿಟಾರನ್ನು ಹಿಡಿದುಕೊಂಡೇ ಮೇಜಿನ ಬಳಿ ಬಂದು ರೊಟ್ಟಿಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡರು.

"ಇದೇ ಗಿಟಾರು, ಈ ಗೀಚು ಇಲ್ದೇ ಇರೋದು ಸಿಗತ್ತಾ?" ಎಂದು ರಾಯ್ಸ್‌ರನ್ನೇ ಕೇಳಿದರು.

ಬ್ರೆಂಟ್‌ಗೆ ಇಂಥದ್ದು ಹಬ್ಬ. ಕಂಬಕ್ಕೆ ಒರಗಿ, "ಸರಿಯಾದೋರನ್ನೇ ಕೇಳಿದ್ರಿ ಸಾರ್. ಆ ಗೀಚಿನ ವಿಷ್ಯ ಇವ್ರಿಗೆ ಗೊತ್ತಿರೋಷ್ಟು ಇನ್ಯಾರಿಗೂ ಗೊತ್ತಿಲ್ಲ," ಎಂದ.

ರಾಯ್ಸ್ ಬ್ರೆಂಟ್ ಕಡೆ ನೋಡಲಿಲ್ಲ. "ಹೆಸರು ಇಲ್ದಿದ್ರೆ ತಗೋತೀರಾ?"

"ಈಗ್ಲೇ ತಗೋತೀನಿ. ಕುತ್ತಿಗೆ ಹಿಡಿದ್ರೆ ಬಿಡೋಕೇ ಮನಸ್ಸಾಗಲ್ಲ. ಆದ್ರೆ ನಮ್ಮ ಬ್ಯಾಂಡಿನೋರು ನಗ್ತಾರೆ. ಒಂದೇ ಹಾಡಿನ ಗಿರಾಕಿ ಅಲ್ವಾ ಇವ್ನು?"

"ಒಂದೇ," ಎಂದರು ರಾಯ್ಸ್. "ಅದೂ ಅಂಥಾ ಚೆನ್ನಾಗೇನಿರ್ಲಿಲ್ಲ."

ಅವರು ಎದ್ದು ಗಿಟಾರು ಇಸಿದುಕೊಂಡು ನನ್ನ ಕೋಣೆಗೆ ಬಂದರು. ಬಾಗಿಲು ಹಾಕಿದರು. ಮೇಜಿನ ಮೇಲೆ ಗಿಟಾರು ಮಲಗಿಸಿ, "ಮರಿ, ಇದು ಹೋಗತ್ತಾ?" ಎಂದು ಕೇಳಿದರು.

ನನಗೆ ಗೊತ್ತಿತ್ತು, ಹೋಗುತ್ತದೆ ಎಂದು. ಕಂಪನಿಯವರು ಖರ್ಚು ಉಳಿಸಲು ಸಹಿಯನ್ನು ಪಾಲಿಶ್‌ನ ಒಳಗೆ ಹಾಕದೆ ಮೇಲೇ ಒತ್ತಿದ್ದರು. ಹೊಸ ಬ್ಲೇಡನ್ನು ನೆಟ್ಟಗೆ ಹಿಡಿದು ಎಳೆದರೆ ಸಿಪ್ಪೆಯಂತೆ ಏಳುತ್ತದೆ. ಆಮೇಲೆ ಲೈಟರಿಗೆ ಹಾಕುವ ಎಣ್ಣೆಯಲ್ಲಿ ಒರೆಸಿ, ನಯವಾದ ಉಕ್ಕಿನ ನಾರಿನಿಂದ ಉಜ್ಜಿ, ಪಾಲಿಶ್ ಮಾಡಿದರೆ ಗುರುತೂ ಉಳಿಯುವುದಿಲ್ಲ. ಇಷ್ಟನ್ನೂ ನಾನು ಹೇಳಲಿಲ್ಲ. ಹೋಗತ್ತೆ ಎಂದೆ.

ಮೊದಲ ಅಕ್ಷರ ತಾವೇ ತೆಗೆಯುತ್ತೇನೆಂದರು. ಎಡಗೈಯಿಂದ ತಲೆಯನ್ನು ಒತ್ತಿ ಹಿಡಿಯಲು ನೋಡಿದರು, ಮಡಿಚಿದ ಬೆರಳು ಜಾರಿತು. ಬ್ಲೇಡು ಅಕ್ಷರದಿಂದ ಹೊರಗೆ ಹೋಗಿ ಪಾಲಿಶ್ ಮೇಲೆ ಕೂದಲೆಳೆಯಷ್ಟು ಗೀರು ಬಿತ್ತು. ನಾನು ಬ್ಲೇಡು ಇಸಿದುಕೊಂಡೆ. ಅವರು ಪಕ್ಕದಲ್ಲಿ ನಿಂತು ಕೊನೆಯವರೆಗೂ ನೋಡಿದರು. ಕಪ್ಪು ಬಟ್ಟೆಯ ಮೇಲೆ ಚಿನ್ನದ ಬಣ್ಣದ ಹೊಟ್ಟು ಬಿತ್ತು. ಇಪ್ಪತ್ತು ನಿಮಿಷ ಹಿಡಿಯಿತು.

ಡಾಕ್ಟರು ಹೆಬ್ಬೆರಳಿನಿಂದ ಸವರಿ ನೋಡಿ ತಲೆದೂಗಿದರು. ಹೋಗುವಾಗ ರಾಯ್ಸ್‌ರ ಕೈ ಕುಲುಕಿ, ತುಂಬ ಉಪಕಾರವಾಯಿತು, ನಿಮ್ಮ ಹೆಸರೇನು ಎಂದು ಕೇಳಿದರು.

"ಲಾಯ್ಡ್," ಎಂದರು ರಾಯ್ಸ್.

ಗೆರಿಟ್‌ಗೆ ಇದು ಸರಿಬರಲಿಲ್ಲ. ಅವರು ಭಾನುವಾರ ದೇವರ ದಿನವೆಂದು ಅಂಗಡಿಯ ದೀಪವನ್ನೂ ಹಾಕದವರು, ಬರೆದಿಟ್ಟ ಒಂದು ನಿಯಮವನ್ನೂ ಮೀರದವರು. ಕಂಪನಿಯ ಕಾಗದಗಳನ್ನೆಲ್ಲ ತೆಗೆದು ಓದಿದರು. ಕೊಂಡವನು ಕೇಳಿದರೆ ಹೆಸರು ತೆಗೆದುಕೊಡಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಹಾಗಾದರೆ ಸರಿ ಎಂದು, ಆ ಗಿಟಾರಿನ ನಂಬರನ್ನು ಮಾರಾಟವಾದವುಗಳ ಪಟ್ಟಿಗೆ ಸೇರಿಸಿ ಕಂಪನಿಗೆ ಕಳಿಸಿದರು.

"ಅವ್ರು ನಂಬರ್ ಎಣಿಸ್ತಾರೆ ಗೆರಿಟ್," ಎಂದರು ರಾಯ್ಸ್. "ಹೆಸರು ಇದೆಯಾ ಅಂತ ಯಾರ ಮನೆಗೂ ಹೋಗಿ ನೋಡಲ್ಲ. ಒಂಬತ್ತು ಹೋದ್ರೆ ನನ್ನ ಹೆಸರು ಉಳಿಯತ್ತೆ."

ಬ್ರೆಂಟ್ ನಕ್ಕ. ಹೆಸರು ಉಳಿಸೋಕೆ ಹೆಸರು ಕೆರೆಯೋದು ನಾನು ನೋಡಿದ್ದು ಇದೇ ಮೊದಲು ಎಂದ. ರಾಯ್ಸ್ ಕೂಡ ನಕ್ಕರು. ಅವರು ಬ್ರೆಂಟ್‌ನ ಮಾತಿಗೆ ನಕ್ಕದ್ದೂ ಅದೇ ಮೊದಲು.

ಮುಂದಿನ ವಾರದಿಂದ ರಾಯ್ಸ್ ದಿನವೂ ಬರತೊಡಗಿದರು. ಗೋಡೆಯ ಬದಿಗೆ ಸ್ಟೂಲು ಎಳೆದುಕೊಂಡು ಕಾಯುತ್ತಿದ್ದರು. ಯಾರಾದರೂ ಇಳಿಸಿಕೊಂಡು ನುಡಿಸಿದರೆ ಅವರು ತಲೆಯ ಕಡೆ ನೋಡುವವರೆಗೂ ಸುಮ್ಮನಿರುತ್ತಿದ್ದರು. ನೋಡಿ ಮುಖ ಸಿಂಡರಿಸಿದ ಕೂಡಲೇ ಬಗ್ಗಿ, ಅದರ ಬಗ್ಗೆ ಚಿಂತೆ ಬೇಡ, ಒಳಗಿರುವ ಹುಡುಗಿ ಇಪ್ಪತ್ತು ನಿಮಿಷದಲ್ಲಿ ತೆಗೆದುಕೊಡುತ್ತಾಳೆ ಎನ್ನುತ್ತಿದ್ದರು. ಎರಡನೆಯದು ಹಾಗೆ ಹೋಯಿತು. ಮೂರನೆಯದೂ ಹೋಯಿತು.

ಗಿರಾಕಿ ಅನುಮಾನಿಸಿದರೆ ನಗಿಸಬೇಕು ಎಂದು ಅವರು ಬೇಗ ಕಲಿತರು. ನಗಿಸಲು ಅವರ ಬಳಿ ಇದ್ದ ಸರಕು ಒಂದೇ. ಬ್ರೆಂಟ್ ಅದನ್ನು ಆಟ ಮಾಡಿಕೊಂಡ. ಅಂಗಡಿ ತುಂಬ ಜನರಿದ್ದಾಗ, "ಲಾಯ್ಡ್, ಈ ಟ್ಯಾಕೆಟ್ ಅನ್ನೋನು ಯಾರು, ಸ್ವಲ್ಪ ಸಾಹೇಬ್ರಿಗೆ ಹೇಳಿ," ಎನ್ನುತ್ತಿದ್ದ. ರಾಯ್ಸ್ ಹೇಳುತ್ತಿದ್ದರು. ಯಾವನೋ ಮುದುಕ. ಒಂದು ಬೇಸಿಗೆ ಮೆರೆದ. ಹಾಡಿನಲ್ಲಿ ಮೂರು ಸ್ವರ, ಅದರಲ್ಲಿ ಒಂದು ತಪ್ಪು. ಒಂದು ಸಲ ಎದ್ದು ನಿಂತು ತಮ್ಮ ಹಾಡಿನ ಮೊದಲ ಸಾಲನ್ನು ಮೂಗಿನಲ್ಲಿ ಹಾಡಿ ತೋರಿಸಿದರು. ಜನ ಕಣ್ಣೊರೆಸಿಕೊಂಡು ನಕ್ಕರು. ಬ್ರೆಂಟ್ ಹೊಟ್ಟೆ ಹಿಡಿದುಕೊಂಡ. ಆ ದಿನ ಒಂದೇ ಮಧ್ಯಾಹ್ನ ಎರಡು ಹೋದವು.

ಆ ಎರಡನ್ನೂ ನನ್ನ ಬಳಿಗೆ ತಂದವರು ರಾಯ್ಸ್ ಅವರೇ. ಆಮೇಲೆ ಒಳಗೇ ಕುಳಿತರು. ಅವರ ಮುಖ ಬೆವರಿತ್ತು.

"ಚೆನ್ನಾಗಿ ನಗ್ಸಿದೆ ಅಲ್ವಾ?" ಎಂದು ಕೇಳಿದರು.

ನಾನು ಹೌದು ಎಂದೆ. ಬ್ಲೇಡು ತೆಗೆದುಕೊಂಡು ಕೆಲಸ ಶುರುಮಾಡಿದೆ.

ಇನ್ನೊಂದು ಮಾತನ್ನೂ ಹೇಳಬೇಕು. ಆ ಕೆಲಸದಲ್ಲಿ ನನ್ನ ಕೈ ಪಳಗಿತ್ತು. ಮೊದಲನೆಯದರಲ್ಲಿ ಬೆಳಕಿಗೆ ಓರೆಯಾಗಿ ಹಿಡಿದರೆ ಅಕ್ಷರಗಳ ನೆರಳು ಕಾಣುತ್ತಿತ್ತು. ಐದನೆಯದರ ಹೊತ್ತಿಗೆ ಏನೂ ಕಾಣುತ್ತಿರಲಿಲ್ಲ. ಟ್ಯಾಕೆಟ್‌ನ ಕೊನೆಯ ಅಕ್ಷರದ ಅಡ್ಡಗೆರೆ ಉದ್ದ, ಅಲ್ಲಿ ಅಚ್ಚು ದಪ್ಪ. ಅದನ್ನು ಹಿಂದಿನಿಂದ ಎಬ್ಬಿಸಬೇಕೆಂದು ಕಂಡುಕೊಂಡೆ. ಎಂಟನೆಯದನ್ನು ಮುಗಿಸಿ ಕಿಟಕಿಯ ಬಳಿ ಎತ್ತಿ ಹಿಡಿದಾಗ ನನಗೆ ನಿಜವಾಗಿ ಖುಷಿಯಾಯಿತು. ಇಷ್ಟು ಚೆನ್ನಾಗಿ ನಾನು ಬೇರೇನನ್ನೂ ಮಾಡಿರಲಿಲ್ಲ. ಅದನ್ನು ಯಾರೂ ನೋಡಲಿಲ್ಲ. ಗಿರಾಕಿಗಳು ಸವರಿ ನೋಡಿ ಎದ್ದುಹೋಗುತ್ತಿದ್ದರು.

ಅಕ್ಟೋಬರ್ ಮಧ್ಯದಲ್ಲಿ ಗೋಡೆಯ ಮೇಲೆ ಒಂದೇ ಉಳಿಯಿತು. ಇದಕ್ಕೆ ಬ್ಲೇಡು ಹಾಕುವುದು ಬೇಡ ಎಂದರು ರಾಯ್ಸ್. ಒಂದಾದರೂ ಹೆಸರಿನ ಜೊತೆಗೇ ಹೋಗಲಿ, ಇನ್ನೂ ಎರಡು ವಾರವಿದೆ ಎಂದರು. ಗೆರಿಟ್ ಒಪ್ಪಿದರು.

ಒಬ್ಬ ಯುವಕ ಬಂದ. ಒಳ್ಳೆಯ ಬೂಟು, ಒಳ್ಳೆಯ ಗಡಿಯಾರ. ತಲೆಯ ಮೇಲಿನ ಹೆಸರನ್ನು ಓದಿ ಮುಖ ಸಿಂಡರಿಸಲಿಲ್ಲ, ಇನ್ನೊಮ್ಮೆ ಓದಿದ. ಅಪ್ಪನ ಬಳಿ ಈ ರೆಕಾರ್ಡು ಇತ್ತು ಎಂದ. ಹೆಸರು ಇರಲಿ, ಹೆಸರಿಗಾಗಿಯೇ ಕೇಳುತ್ತಿದ್ದೇನೆ ಎಂದ. ಸ್ಟೂಲಿನ ಮೇಲಿದ್ದ ರಾಯ್ಸ್ ಎರಡೂ ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡರು.

"ಇವ್ನು ಸತ್ತು ಎಷ್ಟು ವರ್ಷ ಆಯ್ತು?" ಎಂದು ಯುವಕ ಕೇಳಿದ.

ಬ್ರೆಂಟ್ ಬಾಯಿ ತೆರೆಯುವ ಮೊದಲೇ ರಾಯ್ಸ್, "ಇನ್ನೂ ಇದಾನೆ," ಎಂದರು.

ಯುವಕ ಗಿಟಾರನ್ನು ಗೋಡೆಗೆ ನೇತುಹಾಕಿದ. ಹಾಗಾದರೆ ಈಗಲೇ ಕೊಂಡು ಪ್ರಯೋಜನವಿಲ್ಲ, ಅವನು ಹೋದ ಮೇಲೆ ಬೆಲೆ ಏರುತ್ತದೆ, ಆಗ ನೋಡೋಣ ಎಂದು ಎಲ್ಲರಿಗೂ ಕೈಬೀಸಿ ಹೊರಟ.

"ಸ್ವಲ್ಪ ಮನಸ್ಸು ಮಾಡಿದ್ರೆ ವ್ಯಾಪಾರ ಆಗ್ತಿತ್ತು ಲಾಯ್ಡ್," ಎಂದ ಬ್ರೆಂಟ್.

ಅಕ್ಟೋಬರ್ ಕೊನೆಯ ಬುಧವಾರ ಮೆರಿಡಿತ್ ಕೇನ್ ತಾವೇ ಬಂದರು. ನಲವತ್ತರ ಹೆಂಗಸು, ಸೌಮ್ಯ ಮುಖ. ಎಲ್ಲರ ಕೈ ಕುಲುಕಿದರು. ಒಳಗೆ ಬಂದು ನನ್ನ ಕೈಯನ್ನೂ ಕುಲುಕಿದರು. ಎಂಟು ವಾರಗಳಲ್ಲಿ ಒಂಬತ್ತರಲ್ಲಿ ಎಂಟು ಮಾರಾಟ, ದೇಶದಲ್ಲಿ ಯಾವ ಅಂಗಡಿಯಲ್ಲೂ ಹೀಗಾಗಿಲ್ಲ, ಹೇಗೆ ಮಾಡಿದಿರಿ ಎಂದು ನೋಡಿಹೋಗಲು ಬಂದೆ ಎಂದರು. ರಾಯ್ಸ್ ಅಂದು ನೀಲಿ ಕೋಟು ತೊಟ್ಟಿದ್ದರು. ಆಕೆ ಅವರ ಭುಜ ಹಿಡಿದು, ಹೀಗೇ ಆದರೆ ಗೋದಾಮಿನ ಇನ್ನೂರು ಖಾಲಿಯಾಗುತ್ತವೆ, ಬರುವ ವರ್ಷ ಇನ್ನೂರು ಮಾಡಿಸೋಣ, ಹೆಸರನ್ನು ಇನ್ನೂ ಸ್ವಲ್ಪ ದೊಡ್ಡದಾಗಿ ಹಾಕಿಸೋಣ ಎಂದರು.

ರಾಯ್ಸ್ ಕೋಟಿನ ಗುಂಡಿಗಳನ್ನು ಹಾಕಿಕೊಂಡು ನೆಟ್ಟಗೆ ನಿಂತರು. ಗೆರಿಟ್ ನೆಲ ನೋಡುತ್ತಿದ್ದರು. ಯಾರೂ ಏನೂ ಕೇಳದಿದ್ದರೆ ಹೇಳಬೇಕಾಗಿಲ್ಲ ಎನ್ನುವುದು ಅವರ ಲೆಕ್ಕಾಚಾರವಾಗಿತ್ತೆಂದು ಕಾಣುತ್ತದೆ. ಬ್ರೆಂಟ್ ಅಂದು ಒಂದು ಮಾತೂ ಆಡಲಿಲ್ಲ. ಅವನಿಗೆ ಕೂಡ ಒಂದು ಗಡಿ ಇದ್ದಿರಬೇಕು.

ಮೆರಿಡಿತ್ ಕಾಫಿ ಲೋಟ ಹಿಡಿದು ಅಂಗಡಿಯನ್ನೆಲ್ಲ ಸುತ್ತಿ ನನ್ನ ಕೋಣೆಗೆ ಬಂದರು. ಮೇಜಿನ ಮೇಲೆ ಹಲ್ಲಿನ ಡಾಕ್ಟರ ಗಿಟಾರು ಇತ್ತು. ತಂತಿ ಬದಲಿಸಲು ಹಿಂದಿನ ದಿನ ಕೊಟ್ಟುಹೋಗಿದ್ದರು. ಬದಲಿಸಿ ಪೆಟ್ಟಿಗೆಯೊಳಗೆ ಇಡಬೇಕಿತ್ತು, ಇಟ್ಟಿರಲಿಲ್ಲ.

ಆಕೆ ಜೇನು ಬಣ್ಣ ನೋಡಿ ಗುರುತು ಹಿಡಿದರು. ತಲೆಯನ್ನು ನೋಡಿದರು. ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಓರೆಮಾಡಿ ಹಿಡಿದರು. ಹೆಬ್ಬೆರಳಿನಿಂದ ಸವರಿದರು.

"ಇಲ್ಲಿ ಹೆಸರಿತ್ತು. ಅಲ್ವಾ?"

ನಾನು ಹಳೆಯ ತಂತಿಗಳನ್ನು ಸುರುಳಿ ಸುತ್ತತೊಡಗಿದೆ.

"ಇಲ್ಲೊಂದು ಕೂದಲಿನಂಥ ಗೀರಿದೆ, ಓರೆ ಹಿಡಿದ್ರೆ ಅಕ್ಷರದ ನೆರಳೂ ಸ್ವಲ್ಪ ಇದೆ. ಅವು ಬಿಟ್ರೆ ನನಗೂ ಗೊತ್ತಾಗ್ತಿರ್ಲಿಲ್ಲ. ನಮ್ಮ ಕಾರ್ಖಾನೇಲಿ ಇಷ್ಟು ಸಾಫಾಗಿ ತೆಗಿಯೋರು ಒಬ್ರೂ ಇಲ್ಲ. ಯಾರಮ್ಮಾ ಮಾಡಿದ್ದು?"

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಮೆಚ್ಚಿಗೆ ಇತ್ತು. ಐದು ವರ್ಷಗಳಲ್ಲಿ ಆ ಕೋಣೆಗೆ ಬಂದು ನನ್ನ ಕೆಲಸವನ್ನು ಬೆಳಕಿಗೆ ಹಿಡಿದು ನೋಡಿದವರು ಆಕೆಯೊಬ್ಬರೇ. ಗಾಜಿನಾಚೆ ರಾಯ್ಸ್ ಸ್ಟೂಲಿನ ಮೇಲಿದ್ದರು, ನಮ್ಮ ಕಡೆಗೆ ಬೆನ್ನು. ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈಗ ಹೇಳಲಾರೆ.

"ನಾನೇ," ಎಂದೆ. "ಆ ಗೀರು ಮಾತ್ರ ನಂದಲ್ಲ."

ಆಮೇಲೆ ಎಲ್ಲ ಹೇಳಿದೆ. ಎಂಟಕ್ಕೂ ಹೀಗೇ ಮಾಡಿದ್ದು ಎಂದೆ. ಬ್ಲೇಡು ಹೇಗೆ ಹಿಡಿಯಬೇಕು, ಕೊನೆಯ ಅಕ್ಷರವನ್ನು ಯಾವ ಕಡೆಯಿಂದ ಎಬ್ಬಿಸಬೇಕು ಎಂದು ತೋರಿಸಿದೆ. ಅಷ್ಟು ಹೊತ್ತು ನಾನು ಯಾರ ಜೊತೆಗೂ ಮಾತಾಡಿದ್ದಿಲ್ಲ. ಆಕೆ ನಡುವೆ ನಡುವೆ ತಲೆಯಾಡಿಸುತ್ತಾ ಕೇಳಿದರು. ಕುತ್ತಿಗೆಯ ಬಗ್ಗೆ ಯಾರಾದರೂ ದೂರಿದರೇ ಎಂದು ಕೇಳಿದರು. ಇಲ್ಲ, ಕುತ್ತಿಗೆ ಎಲ್ಲರಿಗೂ ಹಿಡಿಸಿತು, ಹೆಸರೊಂದು ಬೇಡವಾಗಿತ್ತು ಎಂದೆ. ಆಕೆ ಸಣ್ಣ ಪುಸ್ತಕದಲ್ಲಿ ಬರೆದುಕೊಂಡರು.

ಹೊರಗೆ ಹೋಗಿ ಆಕೆ ರಾಯ್ಸ್ ಎದುರು ಸ್ಟೂಲು ಎಳೆದುಕೊಂಡು ಕುಳಿತರು. ಗಾಜಿನ ಬಾಗಿಲು ತೆರೆದೇ ಇತ್ತು.

"ಒಳ್ಳೇ ಸುದ್ದಿ ರಾಯ್ಸ್. ನಿಮ್ಮ ಗಿಟಾರು ಉಳೀತು. ನಿಲ್ಸೋ ಮಾತೇ ಇಲ್ಲ."

"ಹೆಸರು?" ಎಂದರು ರಾಯ್ಸ್.

"ಹೆಸರೇ ಅಡ್ಡ ಬರ್ತಿದ್ದಿದ್ದು. ಅದನ್ನ ನೀವೇ ಎಂಟು ಸಲ ತೋರ್ಸಿಕೊಟ್ರಲ್ಲ. ನಾವು ಲಕ್ಷಗಟ್ಲೆ ಸುರಿದು ಜನರನ್ನ ಕೇಳ್ಸಿದ್ರೂ ಇಷ್ಟು ಸ್ಪಷ್ಟವಾಗಿ ಗೊತ್ತಾಗ್ತಿರ್ಲಿಲ್ಲ. ಥ್ಯಾಂಕ್ಸ್."

ಆಕೆ ಅದನ್ನು ಚುಚ್ಚಲು ಹೇಳಲಿಲ್ಲ. ಮನಸಾರೆ ಹೇಳಿದರು. ಹೆಸರಿನ ಜಾಗದಲ್ಲಿ ಒಂದು ನಂಬರು ಹಾಕುತ್ತಾರಂತೆ. ಆಕಾರವನ್ನು ರಾಯ್ಸ್ ಬರೆದುಕೊಟ್ಟಿರುವುದರಿಂದ ಅದರಲ್ಲಿ ತೊಡಕಿಲ್ಲ. ಹೆಸರನ್ನು ಎಷ್ಟು ವರ್ಷ ಇಡಬೇಕೆಂದು ಆ ಕಾಗದದಲ್ಲಿ ಬರೆದಿರಲೂ ಇಲ್ಲ. ಗೋದಾಮಿನ ಇನ್ನೂರನ್ನು ಇಲ್ಲಿಗೇ ಕಳಿಸುತ್ತೇವೆ, ಒಳಗಿರುವ ಹುಡುಗಿ ಹೆಸರು ತೆಗೆದುಕೊಡಲಿ, ಅವಳ ಕೈ ಬಹಳ ಚೆನ್ನಾಗಿದೆ ಎಂದು ಗೆರಿಟ್‌ಗೆ ಹೇಳಿದರು. ಇನ್ನು ಮುಂದೆ ಹಳೆಯ ಹೆಸರಿನೊಂದಿಗೆ ಒಂದನ್ನೂ ಮಾರಕೂಡದು ಎಂದು ಕಾಗದದ ಮೇಲೆ ಬರೆದು ಸಹಿ ಹಾಕಿಕೊಟ್ಟರು. ರಾಯ್ಸ್‌ರನ್ನು ತಬ್ಬಿಕೊಂಡು ಹೊರಟುಹೋದರು.

ಬ್ರೆಂಟ್ ರಾಯ್ಸ್‌ಗೆ ಕಾಫಿ ತಂದ. ಅವರು ಲೋಟವನ್ನು ನೋಡಿದರು, ಅವನನ್ನು ನೋಡಿದರು, ಲೋಟ ಇಸಿದುಕೊಳ್ಳಲಿಲ್ಲ. ಬ್ರೆಂಟ್ ಅದನ್ನು ಹಿಡಿದುಕೊಂಡೇ ನಿಂತ.

ಆಮೇಲೆ ಅವರು ಎದ್ದು ಗೋಡೆಯ ಮೇಲಿನ ಕೊನೆಯ ಗಿಟಾರನ್ನು ಇಳಿಸಿ ತಂದು ಗೆರಿಟ್ ಎದುರು ಇಟ್ಟರು. ಇದನ್ನು ನಾನೇ ಕೊಳ್ಳುತ್ತೇನೆ ಎಂದರು. ಗೆರಿಟ್ ಕಾಗದದ ಕಡೆ ಕಣ್ಣು ಹಾಯಿಸಿದರು. ಮುಖ ಕೆಂಪಾಯಿತು.

"ರಾಯ್ಸ್, ಹೆಸರಿನ ಜೊತೆ ಕೊಡೋ ಹಾಗಿಲ್ಲ. ಬರ್ದು ಕೊಟ್ಟಿದಾರೆ."

"ಅದು ನನ್ನ ಹೆಸರು ಗೆರಿಟ್."

"ಗೊತ್ತು. ನಾಳೆ ಫೋನ್ ಮಾಡಿ ಕೇಳ್ತೀನಿ. ಇವತ್ತು ಆಗಲ್ಲ."

ನಾಳೆಯವರೆಗೆ ಕಾಯುವುದಿಲ್ಲ ಎಂದರು ರಾಯ್ಸ್. ಆ ಗಿಟಾರನ್ನು ಅಲ್ಲಿ ಬಿಟ್ಟುಹೋಗಲು ಅವರಿಗೆ ಮನಸ್ಸಿರಲಿಲ್ಲ. ಎತ್ತಿಕೊಂಡು ನನ್ನ ಕೋಣೆಗೆ ಬಂದು, ಮೇಜಿನ ಮೇಲೆ ಮಲಗಿಸಿ, ತಾವೇ ಬಾಗಿಲು ಹಾಕಿದರು.

"ತೆಗಿ ಮರಿ," ಎಂದರು. "ನೀನು ತೆಗೆದ್ರೆ ಪರ್ವಾಗಿಲ್ಲ."

ನಾನು ಹೊಸ ಬ್ಲೇಡು ತೆಗೆದೆ. ಅವರು ಈ ಸಲ ತಲೆಯ ಕಡೆ ನೋಡಲಿಲ್ಲ. ಮಡಿಚಿದ ಬೆರಳಿನ ಕೈಯನ್ನು ಕುತ್ತಿಗೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಆ ಆಕಾರ ಆ ಕೈಗೆ ಎಷ್ಟು ಸರಿಯಾಗಿ ಕೂರುತ್ತದೆ ಎಂದು ನಾನು ಆಗಲೇ ನೋಡಿದ್ದು. ಎಲ್ಲಕ್ಕಿಂತ ಸಾಫಾಗಿ ಬಂದದ್ದು ಅದೇ.

"ಎಂಟು ವಾರ ಆ ಬ್ರೆಂಟ್ ಮಾತೆಲ್ಲ ನುಂಗ್ಕೊಂಡೆ," ಎಂದರು. "ಜನರ ಮುಂದೆ ಕುಣಿಸ್ದ, ಕುಣಿದೆ. ಕೊನೇಗೆ ಆ ಮೆರಿಡಿತ್ ಕಿವಿಗೂ ಊದ್ಬಿಟ್ಟ."

ನಾನು ಎಣ್ಣೆ ಹಚ್ಚಿ ಒರೆಸುತ್ತಿದ್ದೆ. ಗಾಜಿನಾಚೆ ಬ್ರೆಂಟ್ ಆ ಕಾಫಿಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಕಿಟಕಿಯ ಕಟ್ಟೆಯ ಮೇಲಿಟ್ಟ.

"ನೀನೊಬ್ಳೇ ಈ ಅಂಗಡೀಲಿ ನನ್ನ ನೋಡಿ ನಗ್ಲಿಲ್ಲ," ಎಂದರು ರಾಯ್ಸ್. "ಹೇಳು ಮರಿ. ಅವ್ಳಿಗೆ ಹೇಳಿದ್ದು ಬ್ರೆಂಟ್ ತಾನೆ?"

ನಾನು ಗಿಟಾರನ್ನು ಎತ್ತಿ ಅವರ ತೊಡೆಯ ಮೇಲಿಟ್ಟೆ.

"ಹೌದು," ಎಂದೆ.

ಅವರು ಎದ್ದು ನನ್ನ ತಲೆ ಸವರಿ ಹೊರಗೆ ಹೋದರು. ಗೆರಿಟ್ ನಂಬರು ಬರೆದುಕೊಂಡರು. ಬಾಗಿಲ ಬಳಿ ಬ್ರೆಂಟ್ ಹಿಡಿಕೆ ಎಳೆದು ದಾರಿಬಿಟ್ಟು ನಿಂತಾಗ ರಾಯ್ಸ್ ಅವನ ಬೂಟಿನ ಮೇಲೆ ಉಗುಳಿದರು. ಯಾಕೆ ಎಂದು ಅವನಿಗೆ ತಿಳಿಯಲಿಲ್ಲ. ತಿರುಗಿ ನನ್ನ ಕಡೆ ನೋಡಿದ. ನಾನು ಕಪ್ಪು ಬಟ್ಟೆಯನ್ನು ಕಸದ ತೊಟ್ಟಿಯ ಮೇಲೆ ಕೊಡವಿ, ಮಡಿಚಿ, ಮೇಜು ಒರೆಸಿದೆ. ಸೋಮವಾರ ಗೋದಾಮಿನಿಂದ ಮೊದಲ ನಲವತ್ತು ಬರುವುದಿತ್ತು.